ಮೂರು ಸಲ ಕೇಳದ ಕಂಪೆನಿ

ಹಾಲ್ವೋರ್ ಟೆಲಿಫೋನ್ ಸಹಕಾರ ಸಂಘ ಜಗತ್ತೇ ಮುಗಿಬಿದ್ದು ಕೊಳ್ಳುತ್ತಿದ್ದ ಆ ಫೋನನ್ನು ಮಾರುವುದಿಲ್ಲ ಎಂದದ್ದು ಏಕೆ ಎಂದು ಹತ್ತಿರದ ದೊಡ್ಡ ಪಟ್ಟಣ ಫಾರ್ಗೋದ ಪತ್ರಿಕೆ ಅರ್ಧ ಪುಟ ಬರೆಯಿತು. ತಜ್ಞರೊಬ್ಬರು ಮೂರು ಕಾರಣ ಕೊಟ್ಟಿದ್ದರು. ಮೂರೂ ಚೆನ್ನಾಗಿದ್ದವು, ಮೂರೂ ಸುಳ್ಳು. ನಾನು, ವೆಂಡಲ್, ಆ ಸಂಘದ ಕಾರ್ಯದರ್ಶಿ. ಅವತ್ತು ಆ ಕೋಣೆಯಲ್ಲಿ ಕೂತು ನಡಾವಳಿ ಬರೆದವನು ನಾನೇ. ನಿಜವಾದ ಕಾರಣ ಹೇಳಬೇಕೆಂದರೆ ಆರ್ಡಿಸ್ ಕ್ವಾಮೆಯ ಕಥೆ ಹೇಳಬೇಕು.

ಆರ್ಡಿಸ್ ಸಂಘದ ಅಂಗಡಿಯ ಕೌಂಟರಿನ ಹಿಂದೆ ನಿಂತು ನಲವತ್ತು ವರ್ಷವಾಗಿತ್ತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸೇರಿದಾಗ ಸ್ವಿಚ್‌ಬೋರ್ಡಿಗೆ ತಂತಿ ಚುಚ್ಚುವ ಕೆಲಸ. ಯಾರು ಯಾರಿಗೆ ಫೋನ್ ಮಾಡುತ್ತಾರೆ ಎಂಬುದು ಊರಿನ ಪಾದ್ರಿಗಿಂತ ಅವಳಿಗೇ ಹೆಚ್ಚು ಗೊತ್ತಿತ್ತು, ಆದರೆ ಒಂದು ಮಾತೂ ಆಚೆ ಹೋದದ್ದಿಲ್ಲ. ಆಮೇಲೆ ತಂತಿ ಹೋಗಿ ಮೊಬೈಲು ಬಂತು. ಹಾಲಿನ ತೊಟ್ಟಿಗೆ ಬಿದ್ದ ಫೋನು, ಟ್ರ್ಯಾಕ್ಟರಿನ ಚಕ್ರಕ್ಕೆ ಸಿಕ್ಕ ಫೋನು, ಕರು ನೆಕ್ಕಿದ ಫೋನು ಎಲ್ಲ ಅವಳ ಕೌಂಟರಿಗೇ ಬರುತ್ತಿದ್ದವು. ಅವಳು ಹಿಂಬದಿಯ ಮುಚ್ಚಳ ತೆಗೆದು, ಬ್ಯಾಟರಿ ಒರೆಸಿ, ಫೋನನ್ನು ಗೋಧಿ ತುಂಬಿದ ಬಕೆಟ್ಟಿನಲ್ಲಿ ಎರಡು ದಿನ ಹೂತಿಡುತ್ತಿದ್ದಳು. ಮೂರನೆಯ ದಿನ ಅದು ಎದ್ದು ಬರುತ್ತಿತ್ತು. ನಾವು ಲೂಥರನ್ ಚರ್ಚಿನವರು, ನಮ್ಮ ಸ್ವಾಮಿ ಸಮಾಧಿಯಿಂದ ಎದ್ದು ಬಂದ ಮೂರನೆಯ ದಿನದ ಮೇಲೆ ನಮಗೆ ನಂಬಿಕೆ ಹೆಚ್ಚು.

ಕೌಂಟರಿನ ಒಂದು ಕೊನೆಯಲ್ಲಿ ಕಾಫಿ ಪಾತ್ರೆ, ಇನ್ನೊಂದು ಕೊನೆಯಲ್ಲಿ ಜೊತೆ ತಪ್ಪಿದ ಕೈಗವಸುಗಳ ಡಬ್ಬ, ನಡುವೆ ರೂಬಾರ್ಬ್ ಎಂಬ ಹುಳಿ ದಂಟು ಹಾಕಿ ಆರ್ಡಿಸ್ ಮಾಡಿ ತಂದ ಸಿಹಿ ಬಾರ್‌ಗಳ ತಟ್ಟೆ. ಫೋನಿನ ಕೆಲಸವಿಲ್ಲದವರೂ ಬಂದು ಅರ್ಧ ಗಂಟೆ ನಿಲ್ಲುತ್ತಿದ್ದರು. ನಾನಂತೂ ಸ್ಕೂಲ್ ಬಸ್ಸು ಓಡಿಸುವುದನ್ನು ಬಿಟ್ಟ ಮೇಲೆ ದಿನವೂ ನಿಂತಿದ್ದೇನೆ.

ನಮ್ಮ ಕಡೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಿಬಿಡಬೇಕು. ಯಾರು ಏನು ಕೊಟ್ಟರೂ ಮೊದಲ ಸಲ ಬೇಡ ಅನ್ನಬೇಕು. ಎರಡನೆಯ ಸಲ ಕೇಳಿದಾಗಲೂ ಬೇಡ ಅನ್ನಬೇಕು, ಸ್ವಲ್ಪ ಮೆತ್ತಗೆ. ಮೂರನೆಯ ಸಲ ಕೇಳಿದಾಗ "ಇಷ್ಟು ಹೇಳ್ತೀಯ ಅಂದ್ಮೇಲೆ ಅರ್ಧ ಕೊಡು" ಎಂದು ಪೂರ್ತಿ ತಿನ್ನಬೇಕು. ಎಡ್ವಿನ್ ಲುಂಡೆ ಎಂಬಾತ ಎಂಬತ್ತಮೂರನೆಯ ಇಸವಿಯ ಚರ್ಚ್ ಊಟದಲ್ಲಿ ಮೊದಲ ಸಲ ಕೇಳಿದ್ದಕ್ಕೇ ಹಣ್ಣಿನ ಸಿಹಿ ಪೈ ತೆಗೆದುಕೊಂಡುಬಿಟ್ಟ. ಅವನು ಸತ್ತು ಹನ್ನೆರಡು ವರ್ಷವಾಯಿತು, ಇವತ್ತಿಗೂ ಅವನು ಪೈ ಲುಂಡೆಯೇ.

ಈಗ ಕಥೆಗೆ ಬರುತ್ತೇನೆ. ಆ ಫೋನು ಮಾರುಕಟ್ಟೆಗೆ ಬಂದು ನಾಲ್ಕು ವರ್ಷವಾಗಿತ್ತು. ಅದು ಬೇಕೆಂದು ನಮ್ಮ ಸದಸ್ಯರು ಒಬ್ಬೊಬ್ಬರಾಗಿ ಫಾರ್ಗೋಗೆ ಹೋಗಿ ದೊಡ್ಡ ಕಂಪೆನಿಗಳ ಗಿರಾಕಿಗಳಾಗುತ್ತಿದ್ದರು. ಅಕ್ಟೋಬರಿನ ಸಭೆಯಲ್ಲಿ ನಮ್ಮ ಅಧ್ಯಕ್ಷ ಓರ್ವಿಲ್ ಟ್ವೇಟ್ ನೇರವಾಗಿಯೇ ಹೇಳಿದ. ನೇರ ಎಂದರೆ ನಮ್ಮೂರಿನ ನೇರ, ಕಿಟಕಿಯ ಕಡೆ ನೋಡುತ್ತಾ.

"ಆ ಫೋನು ಬಂದ್ರೆ ಅಂಗಡಿ ಉಳಿಯುತ್ತೆ. ಬರ್ಲಿಲ್ಲ ಅಂದ್ರೆ ಬೇಸಿಗೆಗೆ ಕೌಂಟರ್ ಮುಚ್ಚಿ, ಜನಕ್ಕೆ ಒಂದು ನಂಬರ್ ಕೊಟ್ಬಿಡೋಣ. ಏನೇ ತೊಂದ್ರೆ ಇದ್ರೂ ಅದಕ್ಕೇ ಫೋನ್ ಮಾಡ್ಲಿ."

"ಫೋನೇ ಕೆಟ್ಟಿದ್ರೆ ಫೋನ್ ಹೆಂಗೆ ಮಾಡ್ತಾರೆ?" ಎಂದು ಕಾಫಿ ಹಾಕುತ್ತಿದ್ದ ಆರ್ಡಿಸ್ ಕೇಳಿದಳು.

"ಅದೂ ಒಂದು ಯೋಚ್ನೆ ಮಾಡೋ ವಿಷ್ಯಾನೇ" ಎಂದ ಓರ್ವಿಲ್. ನಮ್ಮಲ್ಲಿ ಹಾಗೆಂದರೆ ಬಾಯಿ ಮುಚ್ಚು ಎಂದರ್ಥ.

ಓರ್ವಿಲ್ ಪತ್ರ ಬರೆದ. ಜನವರಿಯಲ್ಲಿ ಫೋನಿನ ಕಂಪೆನಿಯವರು ಕ್ಯಾಲಿಫೋರ್ನಿಯಾದಿಂದ ಡೆವಿನ್ ಎಂಬ ಹುಡುಗಮುಖದ ಅಧಿಕಾರಿಯನ್ನು ಕಳಿಸಿದರು. ಹೊರಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿ, ಇವನ ಕಾಲಲ್ಲಿ ಬಿಳಿ ಕ್ಯಾನ್ವಾಸ್ ಶೂ. ಆರ್ಡಿಸ್ ಹಿಂದಿನ ದಿನವೆಲ್ಲ ಕೂತು ಬಾರ್ ಮಾಡಿ ತಂದಿದ್ದಳು. ತನ್ನ ನಲವತ್ತು ವರ್ಷ ಆ ತಟ್ಟೆಯ ಮೇಲೆ ಕೂತಿದೆ ಎಂಬಂತೆ ಅದನ್ನು ಹುಷಾರಾಗಿ ಅವನ ಮುಂದಿಟ್ಟಳು.

"ಒಂದು ತಗೊಳ್ಳಿ."

"ಬೇಡ, ಥ್ಯಾಂಕ್ಸ್."

"ಚಿಕ್ಕದು ತಗೊಳ್ಳಿ."

"ಬೇಡ, ಪರ್ವಾಗಿಲ್ಲ."

"ದೂರದಿಂದ ಬಂದಿದ್ದೀರಿ, ಒಂದೇ ಒಂದು."

"ಮೇಡಂ, ಬೇಡ ಅಂದೆನಲ್ಲ!"

ಕೋಣೆಯಲ್ಲಿದ್ದ ಏಳೂ ಜನ ನಿರ್ದೇಶಕರು ತಲೆ ತಗ್ಗಿಸಿದೆವು. ಮೂರನೆಯ ಸಲವೂ ಬೇಡ ಎಂದವನನ್ನು ನಾವ್ಯಾರೂ ಕಂಡಿರಲಿಲ್ಲ. ಆಗಲೇ ನಮಗೆ ಅರ್ಥವಾಗಬೇಕಿತ್ತು. ಅರ್ಥವಾಗಲಿಲ್ಲ, ಪಾಪ ಹೊಟ್ಟೆ ಕೆಟ್ಟಿರಬೇಕು ಎಂದುಕೊಂಡೆವು.

ಡೆವಿನ್ ಲ್ಯಾಪ್‌ಟಾಪ್ ತೆರೆದು ಕಾಲು ಗಂಟೆ ಮಾತಾಡಿದ. ಕೊನೆಗೆ ಓರ್ವಿಲ್‌ನ ಮುಖ ನೋಡಿ ಕೇಳಿದ: "ನಿಮ್ಮ ಸಂಘಕ್ಕೆ ಈ ಫೋನ್ ಮಾರೋ ಅವಕಾಶ ಕೊಡಕ್ಕೆ ನಾವು ರೆಡಿ ಇದ್ದೀವಿ. ತಗೊಳ್ತೀರಾ?"

ಓರ್ವಿಲ್‌ನ ಎದೆ ಉಬ್ಬಿದ್ದು ಅಂಗಿಯ ಮೇಲೆಯೇ ಕಾಣುತ್ತಿತ್ತು. ಅವನು ದೊಡ್ಡ ಮನುಷ್ಯನಂತೆ ನಕ್ಕು ಹೇಳಿದ: "ಅಯ್ಯೋ, ನಮ್ಮಂಥ ಸಣ್ಣ ಸಂಘಕ್ಕೆ ಅದೆಲ್ಲಾ ಯಾಕೆ ಬಿಡಿ ಸ್ವಾಮಿ."

ಚೆನ್ನಾಗಿ ಹೇಳಿದ ಎಂದು ನಾವೆಲ್ಲ ತಲೆ ಆಡಿಸಿದೆವು. ಮೊದಲ ಸುತ್ತು ಮುಗಿದಿತ್ತು. ಡೆವಿನ್ ಒಂದು ಕ್ಷಣ ನಮ್ಮನ್ನು ನೋಡಿ, "ಅರ್ಥ ಆಯ್ತು, ನಿಮ್ಮ ನಿರ್ಧಾರಾನ ಗೌರವಿಸ್ತೀವಿ" ಎಂದು ಲ್ಯಾಪ್‌ಟಾಪ್ ಮುಚ್ಚಿ, ಎಲ್ಲರ ಕೈ ಕುಲುಕಿ ಹೊರಗೆ ಹೋದ.

ನಾವು ಕಾದೆವು. ಕಾರಿನಿಂದ ಏನೋ ತರಲು ಹೋಗಿದ್ದಾನೆ ಎಂದು ಒಬ್ಬ ಹೇಳಿದ. ಕಾರು ಧಾನ್ಯದ ಗೋದಾಮು ದಾಟಿ ಹೆದ್ದಾರಿ ಹತ್ತಿದ್ದನ್ನು ಕಿಟಕಿಯಿಂದ ಎಲ್ಲರೂ ನೋಡಿದೆವು.

"ಪೆಟ್ರೋಲ್ ಹಾಕಿಸಕ್ಕೆ ಹೋಗಿರ್ಬೇಕು" ಎಂದ ಓರ್ವಿಲ್. ಮುಕ್ಕಾಲು ಗಂಟೆ ಆದ ಮೇಲೆ ಅವನ ಮುಖ ಸಣ್ಣಗಾಯಿತು. "ಇನ್ನೆರಡು ಸಲ ಕೇಳ್ಬೇಕಿತ್ತಲ್ಲೋ, ವೆಂಡಲ್!"

"ನಾವೇ ಫೋನ್ ಮಾಡಿ ಬೇಕು ಅಂತ ಹೇಳಿದ್ರಾಯ್ತು" ಎಂದಳು ಆರ್ಡಿಸ್.

"ನಾವಾಗಿ ಕೇಳೋದಾ? ಆಸೆಬುರುಕರು ಅನ್ಕೊಳಲ್ವಾ ಅವ್ರು?" ಎಂದ ಓರ್ವಿಲ್.

ಹೀಗೆ ಒಂದು ಟೆಲಿಫೋನ್ ಸಂಘ ಒಂದು ಫೋನ್ ಮಾಡಲಾರದೆ ಕೂತಿತು. ನಾನು ಹೇಳಬಹುದಿತ್ತು, ಹೇಳಲಿಲ್ಲ. ಆ ವಿಷಯ ನೆನೆದರೆ ಇವತ್ತಿಗೂ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ. ನಡಾವಳಿಯಲ್ಲಿ "ಸಂಘವು ಪ್ರಸ್ತಾಪವನ್ನು ಒಪ್ಪಲಿಲ್ಲ" ಎಂದು ಬರೆದು ಸಹಿ ಹಾಕಿದೆ.

ಎಲ್ಲರೂ ಹೋದ ಮೇಲೆ ಆರ್ಡಿಸ್ ಬಾರ್‌ಗಳನ್ನು ಡಬ್ಬಕ್ಕೆ ತುಂಬುತ್ತಾ ನಿಂತಿದ್ದಳು.

"ಇದು ನಂಗೆ ಎರಡನೇ ಸಲ ಕಣೋ ವೆಂಡಲ್" ಎಂದಳು.

"ಎಂಥದು ಎರಡನೇ ಸಲ?"

"ಮೈನಾಟ್‌ನ ವಿಮಾನ ನೆಲೇಲಿ ಟೆಕ್ಸಾಸಿನ ಸೈನಿಕ ಒಬ್ಬ ಇದ್ದ. ಆಗ ನಂಗೆ ಇಪ್ಪತ್ತೆರಡು. ಮದುವೆ ಆಗ್ತೀಯಾ ಅಂದ. ಅಯ್ಯೋ, ನನ್ನಂಥವಳನ್ನ ಯಾಕೆ ಅಂದೆ." ಅವಳು ಮುಚ್ಚಳ ಒತ್ತಿದಳು. "ಟೋಪಿ ಹಾಕ್ಕೊಂಡು ಹೊರಟೇ ಹೋದ. ಎರಡು ವಾರ ಫೋನ್ ಪಕ್ಕದಲ್ಲೇ ಕೂತಿದ್ದೆ. ನಂದು ಅದೇ ಕೆಲ್ಸ ಅಲ್ವಾ, ಯಾರಿಗೂ ಗೊತ್ತಾಗ್ಲಿಲ್ಲ."

ನಲವತ್ತು ವರ್ಷ ಅವಳ ಕಾಫಿ ಕುಡಿದವನು ನಾನು. ಈ ಮಾತು ಕೇಳಿದ್ದು ಅದೇ ಮೊದಲು.

ಆಮೇಲೆ ನಡೆದದ್ದು ನಗೆಪಾಟಲು. ಆ ಫೋನು ಯಾಕೆ ಬರಲಿಲ್ಲ ಎಂದು ಊರಿನವರು ಕೇಳಿದರೆ ನಾವು ಮರ್ಯಾದೆಗಾಗಿ ಏನಾದರೂ ಹೇಳಲೇಬೇಕಲ್ಲ. ಕೈಗವಸು ಹಾಕಿಕೊಂಡು ಮುಟ್ಟಿದರೆ ಆ ಫೋನು ಅಲ್ಲಾಡುವುದಿಲ್ಲ ಎಂದ ಓರ್ವಿಲ್. ಅದರ ಬೆನ್ನು ಬಿಚ್ಚಲು ಬರುವುದಿಲ್ಲ, ಗೋಧಿಯಲ್ಲಿ ಹೂತರೂ ಏಳುವುದಿಲ್ಲ ಎಂದ ಇನ್ನೊಬ್ಬ. ಫಾರ್ಗೋದ ಪತ್ರಿಕೆಯವನು ಬಂದಾಗ ಓರ್ವಿಲ್ ಕೋಟು ಹಾಕಿಕೊಂಡು ಫೋಟೋಕ್ಕೆ ನಿಂತ. ತಜ್ಞರು ಬರೆದರು: ನಮ್ಮ ಜಿಲ್ಲೆಯ ಜನಸಂಖ್ಯೆಗಿಂತ ಹೆಚ್ಚು ಫೋನು ಕೊಳ್ಳಬೇಕೆಂಬ ಕರಾರನ್ನು ಸಂಘ ತಿರಸ್ಕರಿಸಿತು, ಸಿಗ್ನಲ್ ಗೋಪುರಗಳ ಮೇಲಿನ ಹೊರೆಯನ್ನು ಮುಂಗಂಡಿತು, ಅಂಗಡಿಯ ಮೇಜು ಹೇಗಿರಬೇಕೆಂದು ಕ್ಯಾಲಿಫೋರ್ನಿಯಾದವರು ಅಪ್ಪಣೆ ಕೊಡುವುದನ್ನು ಸಹಿಸಲಿಲ್ಲ. ಓದಿ ನಮಗೇ ರೋಮಾಂಚನವಾಯಿತು. ಊರಿನ ಜನ ಓರ್ವಿಲ್‌ನ ಬೆನ್ನು ತಟ್ಟಿದರು. ತಟ್ಟಿ, ಫಾರ್ಗೋಗೆ ಹೋಗಿ ಅದೇ ಫೋನು ಕೊಂಡು ತಂದರು. ಅದು ಮನೆಯಲ್ಲಿ ಸಿಗ್ನಲ್ ಹಿಡಿಯದಿದ್ದಾಗ ಕೈಗವಸಿನೊಳಗೆ ಬಚ್ಚಿಟ್ಟುಕೊಂಡು ಆರ್ಡಿಸ್‌ಳ ಕೌಂಟರಿಗೆ ಬಂದರು. ಅವಳು ಯಾವ ಗುಡ್ಡದ ಮೇಲೆ ನಿಂತರೆ ಮಾತು ಕೇಳಿಸುತ್ತದೆ ಎಂದು ಹೇಳಿ ಕಳಿಸಿದಳು.

ಏಪ್ರಿಲಿನ ಮಹಾಸಭೆ ಎಂದಿನಂತೆ ಶಾಲೆಯ ಆಟದ ಹಾಲ್‌ನಲ್ಲಿ. ಇನ್ನೂರು ಸದಸ್ಯರು, ಎಲ್ಲ ಬೆರೆಸಿ ಒಂದೇ ಪಾತ್ರೆಯಲ್ಲಿ ಬೇಯಿಸಿದ ಹಾಟ್‌ಡಿಷ್ ಊಟ, ಅದೃಷ್ಟಚೀಟಿಗೆ ಒಂದು ವೆಲ್ಡಿಂಗ್ ಯಂತ್ರ. ಓರ್ವಿಲ್ ವೇದಿಕೆಯ ಮೇಲೆ ನಿಂತು ಬದಲಾದ ಕಾಲದ ಬಗ್ಗೆ ಮಾತಾಡಿ, ಜೂನ್ ಒಂದರಿಂದ ಕೌಂಟರು ಇರುವುದಿಲ್ಲ ಎಂದ. ಆರ್ಡಿಸ್‌ಳನ್ನು ಮೇಲೆ ಕರೆದು ಒಂದು ಗೋಡೆ ಗಡಿಯಾರ ಕೊಟ್ಟ. ಜನ ಚಪ್ಪಾಳೆ ತಟ್ಟಿದರು. ಕೆಲವರು ಕಣ್ಣೊರೆಸಿಕೊಂಡರು. ಅವರ ಜೇಬಿನಲ್ಲೆಲ್ಲ ಆ ಫೋನೇ ಇತ್ತು.

ಓರ್ವಿಲ್‌ಗೆ ಚಪ್ಪಾಳೆ ತಲೆಗೇರಿತು. ಮೈಕಿಗೆ ಬಾಯಿ ಹತ್ತಿರ ತಂದು, ಉಪಚಾರಕ್ಕೆ, ಎಲ್ಲರ ಮುಂದೆ ಕೇಳಿದ: "ನೋಡು ಆರ್ಡಿಸ್, ನೀನು ಹೂಂ ಅಂದ್ರೆ ನಾಳೆನೇ ಈ ಯೋಚ್ನೆ ಕೈಬಿಡ್ತೀವಿ. ಕೌಂಟರ್ ಇರುತ್ತೆ, ನೀನೂ ಇರು ಇನ್ನೈದು ವರ್ಷ. ಇರ್ತೀಯಾ?"

ಜನ ನಕ್ಕರು. ಎಲ್ಲರಿಗೂ ಮುಂದಿನದು ಗೊತ್ತಿತ್ತು. ಅವಳು ಅಯ್ಯೋ ಬೇಡ ಎನ್ನುತ್ತಾಳೆ, ಅವನು ಇನ್ನೊಂದು ಸಲ ಕೇಳುತ್ತಾನೆ, ಅವಳು ಬೇಡ ಎನ್ನುತ್ತಾಳೆ, ಅವನು ಅಲ್ಲಿಗೇ ನಿಲ್ಲಿಸುತ್ತಾನೆ. ಓರ್ವಿಲ್ ಎರಡರವರೆಗೆ ಎಣಿಸಲು ಬಲ್ಲವನು.

ಆರ್ಡಿಸ್ ಗಡಿಯಾರವನ್ನು ಮೇಜಿನ ಮೇಲಿಟ್ಟಳು. ಮೈಕಿನ ಕಡೆ ಬಾಗಿದಳು.

"ಇರ್ತೀನಿ" ಎಂದಳು.

ಯಾರದೋ ಚಮಚ ನೆಲಕ್ಕೆ ಬಿದ್ದ ಸದ್ದು ಹಾಲ್‌ನ ಕೊನೆಯವರೆಗೂ ಕೇಳಿಸಿತು. ಓರ್ವಿಲ್‌ನ ಬಾಯಿ ತೆರೆದೇ ಇತ್ತು. ನನಗೆ ಆ ಜನವರಿಯ ಕೋಣೆ ನೆನಪಾಯಿತು. ನಾನು ಎದ್ದು ನಿಂತೆ.

"ಅಧ್ಯಕ್ಷರು ಮಂಡಿಸಿದ್ದಾರೆ. ನಾನು ಅನುಮೋದಿಸ್ತೀನಿ" ಎಂದೆ. "ಒಪ್ಪೋರು ಕೈ ಎತ್ತಿ."

ಪಕ್ಕದವರು ನೋಡುತ್ತಿರುವಾಗ ಆರ್ಡಿಸ್‌ಗೆ ಬೇಡ ಎನ್ನುವ ಧೈರ್ಯ ಆ ಹಾಲ್‌ನಲ್ಲಿ ಯಾರಿಗಿತ್ತು? ಇನ್ನೂರು ಕೈಗಳು ಮೇಲೆದ್ದವು. ಕೊನೆಯದಾಗಿ ಎದ್ದದ್ದು ಓರ್ವಿಲ್‌ನದು.

ಮೈಕು ಇನ್ನೂ ಚಾಲೂ ಇದ್ದದ್ದನ್ನು ಮರೆತು ಅವನು ಪಿಸುಗುಟ್ಟಿದ: "ಏನೇ ಇದು ಆರ್ಡಿಸ್, ಒಂದೇ ಸಲಕ್ಕೆ?"

"ಹೂಂ ಕಣೋ" ಎಂದಳು ಅವಳು. "ಎರಡನೇ ಸಲ ಯಾರೂ ಕೇಳ್ಲಿಲ್ಲ ನನ್ನ."