ಕರಪತ್ರದ ಮೊದಲ ಹೆಸರು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕೊಟ್ಟೂರಿನ ಕಾಲೇಜೊಂದರಲ್ಲಿ ತಾತ್ಕಾಲಿಕ ಉಪನ್ಯಾಸಕನಾಗಿ ಭೂಗೋಳ ಕಲಿಸುತ್ತಿದ್ದೆ. ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೊಬ್ಬನೇ. ಹಿಮನದಿಗಳ ಕುರಿತು ಒಂದು ಗಂಟೆ ತಡವರಿಸದೆ ಪಾಠ ಮಾಡುತ್ತಿದ್ದೆ. ಆದರೆ ಹಿಮವಿರಲಿ, ಸಮುದ್ರವನ್ನೂ ನಾನು ಕಂಡಿರಲಿಲ್ಲ. ಪರೀಕ್ಷೆಗೆಂದು ಗುಲ್ಬರ್ಗಕ್ಕೆ ಹೋದದ್ದೇ ನನ್ನ ಅತಿ ದೂರದ ಪ್ರಯಾಣ. ಮುಂದಿನ ಜೂನ್‌ನಲ್ಲಿ ಹುದ್ದೆ ಉಳಿಯುವ ಭರವಸೆ ಇರಲಿಲ್ಲ. ಆದ್ದರಿಂದ ಆ ಬೇಸಿಗೆಯ ರಜೆಯಲ್ಲಿಯೇ ನನ್ನ ಹಳೆಯ ಮೋಟಾರ್ ಸೈಕಲ್ ಮೇಲೆ ಕಾಶ್ಮೀರಕ್ಕೆ ಹೋಗಿಬರಬೇಕೆಂದು ನಿಶ್ಚಯಿಸಿದೆ. ಸಂಬಳದಲ್ಲಿ ಅದು ಆಗದ ಮಾತು. ಪ್ರಾಯೋಜಕರು ಬೇಕಿತ್ತು.

ಮೊದಲು ದೊಡ್ಡ ಕಂಪನಿಗಳಿಗೆ ಇಂಗ್ಲಿಷಿನಲ್ಲಿ ಪತ್ರ ಟೈಪು ಮಾಡಿಸಿ ಕಳುಹಿಸಿದೆ. ಒಂದು ಕಂಪನಿ ಮಾತ್ರ ವಿಷಾದ ವ್ಯಕ್ತಪಡಿಸಿ ಉತ್ತರಿಸಿತು. ನನ್ನ ಹೆಸರಿಗೆ ‘ಶ್ರೀ’ ಸೇರಿಸಿ ಬಂದ ಮೊದಲ ಪತ್ರ ಅದಾದ್ದರಿಂದ ಜೋಪಾನವಾಗಿ ಎತ್ತಿಟ್ಟೆ.

ಬಸ್ ನಿಲ್ದಾಣದ ಹಿಂದೆ ಗ್ಯಾರೇಜ್ ಇಟ್ಟಿದ್ದ ಮೆಕ್ಯಾನಿಕ್ ಆ ಪತ್ರ ನೋಡಿ ನಕ್ಕರು. ನನಗಿಂತ ಹತ್ತು ವರ್ಷ ಹಿರಿಯರಾದ ಅವರನ್ನು ನಾನು ಭಾಯಿ ಎಂದು ಕರೆಯುತ್ತಿದ್ದೆ.

“ಕಂಪನಿಯವ್ರು ನಿಮ್ಮ ಮುಖ ನೋಡ್ಯಾರೇನ್ರಿ ಸರ? ಮುಖ ನೋಡಿದೋರ್ನ ಕೇಳ್ರಿ. ಎಂಜಿನ್ ಕೆಲಸ ನಂದು, ಕೂಲಿ ಬ್ಯಾಡ. ಉಳಿದಿದ್ದು ಊರಾಗ ಎತ್ರಿ.”

ಅಂತೆಯೇ ಒಂದು ತಿಂಗಳು ಭಾನುವಾರಗಳಂದು ಊರೂರು ಸುತ್ತಿದೆ. ಹಗರಿಬೊಮ್ಮನಹಳ್ಳಿಯ ಗೊಬ್ಬರದ ವ್ಯಾಪಾರಿಯೊಬ್ಬರು ಎರಡು ಟೈರುಗಳನ್ನು ಒಪ್ಪಿಕೊಂಡರು. ಕೂಡ್ಲಿಗಿಯ ಫೋಟೋ ಸ್ಟುಡಿಯೋದವರು ಕ್ಯಾಮೆರಾ ಕೊಡುವುದಾಗಿ ಹೇಳಿದರು. ಹರಪನಹಳ್ಳಿಯ ಬಟ್ಟೆ ಅಂಗಡಿಯವರು ಅಲ್ಲಿಯೇ ಒಂದು ರೇನ್‌ಕೋಟ್ ತೆಗೆದುಕೊಟ್ಟರು. ಹಡಗಲಿಯಲ್ಲಿ ಮಲ್ಲಿಗೆ ಹಾರ ಹಾಕಿ ಕಳುಹಿಸುವ ಭರವಸೆ ಮಾತ್ರ ಸಿಕ್ಕಿತು. ಎಲ್ಲಕ್ಕಿಂತ ದೊಡ್ಡದು ಕೊಟ್ಟೂರಿನ ಎಣ್ಣೆ ಮಿಲ್ಲಿನ ಸಾಹುಕಾರರ ಮಾತು: ಹೋಗಿಬರುವ ಪೆಟ್ರೋಲು ಪೂರ್ತಿ ಅವರದು.

ಎಲ್ಲರೂ ಕೇಳಿದ ಪ್ರಶ್ನೆ ಒಂದೇ. “ಕರಪತ್ರ ಎಲ್ಲೈತ್ರಿ?”

ನಮ್ಮ ಕಡೆ ನಾಟಕವಾಗಲಿ, ಸಾಮೂಹಿಕ ಮದುವೆಯಾಗಲಿ, ಕೊಟ್ಟವರ ಹೆಸರು ಕರಪತ್ರದಲ್ಲಿ ಅಚ್ಚಾಗಬೇಕು. ನಾನು ಒಕ್ಕಣೆಯನ್ನು ನಾಲ್ಕು ಸಲ ತಿದ್ದಿ ಬರೆದೆ. ದಾನಿಗಳ ಹೆಸರುಗಳ ಕ್ರಮದಲ್ಲಿ ಯಾರಿಗೂ ಅನ್ಯಾಯವಾಗಬಾರದೆಂದು, ಕಾಲೇಜಿನ ಹಾಜರಿ ಪುಸ್ತಕದಲ್ಲಿರುವಂತೆ ಅಕಾರಾದಿಯಾಗಿ ಬರೆದೆ. ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ಹಿರಿಯರು ಹಾಳೆಯನ್ನು ಎರಡು ಸಲ ನೋಡಿದರು.

“ಹಿಂಗ ಜೋಡಸ್ಲೇನ್ರಿ ಸರ?”

“ಅದೇ ಸರಿಯಾದ ಕ್ರಮ,” ಎಂದೆ.

“ಓದಿದೋರು ಅದೀರಿ. ನಿಮಗ ಗೊತ್ತಿರ್ತೈತಿ.”

ಸಾವಿರ ಪ್ರತಿ ಅಚ್ಚಾಯಿತು. ಮುನ್ನೂರನ್ನು ಪೇಟೆಯಲ್ಲಿ ಹಂಚಿದ ಮೇಲೆ ಸಾಹುಕಾರರ ಮಿಲ್ಲಿಗೆ ಹೋದೆ. ಅವರೆದುರು ನಿಲ್ಲಲು ನನಗೆ ಅಳುಕು. ಹಾಗಾಗಿ ಅವರನ್ನು ಕೊನೆಗೆ ಇಟ್ಟುಕೊಂಡಿದ್ದೆ.

ಅವರು ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನವರೆಗೂ ಓದಿದರು. ಪಟ್ಟಿಯಲ್ಲಿ ಅವರದು ಐದನೆಯ ಹೆಸರು. ಮೊದಲನೆಯದು, ‘ಅ’ದಿಂದ ಶುರುವಾಗುವ ಮೆಕ್ಯಾನಿಕ್ ಭಾಯಿಯದು.

“ಪೆಟ್ರೋಲು ಯಾರ್ದು ಸರ?”

“ತಮ್ಮದೇರಿ ಸಾವ್ಕಾರ್ರ.”

“ಮತ್ತ ಮ್ಯಾಲೆ ಕುಂತೋನು ಪಂಚರ್ ಹಾಕಾವ.”

ಅಕಾರಾದಿಯ ನ್ಯಾಯವನ್ನು ವಿವರಿಸಿದೆ. ಅವರು ಸಮಾಧಾನದಿಂದಲೇ ಕೇಳಿಸಿಕೊಂಡರು. “ನಮ್ಮ ಮಿಲ್ಲಿನಾಗ ಚೀಲ ಅಕಾರಾದಿ ಒಟ್ಟಂಗಿಲ್ಲ ಸರ. ತೂಕ ನೋಡಿ ಒಟ್ಟತೀವಿ.”

ಬೇರೆ ಅಚ್ಚು ಹಾಕಿಸುತ್ತೇನೆಂದೆ.

“ಪ್ಯಾಟ್ಯಾಗ ಹಂಚೀರೇನು?”

“ಮುನ್ನೂರು ಹಂಚೀನ್ರಿ.”

“ಹಂಗಾರ ಮುಗೀತು. ಈಗ ಬದಲಿ ಮಾಡಿದ್ರ, ಸಾವ್ಕಾರ ಜಗಳಾಡಿ ಮ್ಯಾಲೆ ಹತ್ಯಾನ ಅಂತಾರ. ಮುಂದಿನ ವರ್ಷ ನೋಡೋಣು. ಚಾ ಕುಡದು ಹೋಗ್ರಿ.”

ಚಹಾ ಕುಡಿದು ಬಂದೆ. ಅವರ ಮಾತು ನನಗಿಂತ ಮೊದಲು ಹಗರಿಬೊಮ್ಮನಹಳ್ಳಿ ತಲುಪಿತ್ತು. ಟೈರು ಕೊಡುವವರೂ ಮುಂದಿನ ವರ್ಷವೆಂದರು. ಕೂಡ್ಲಿಗಿಯ ಕ್ಯಾಮೆರಾ ರಿಪೇರಿಗೆ ಹೋಗಿತ್ತು.

ಗ್ಯಾರೇಜಿಗೆ ಹೋದಾಗ ಗಿರಾಕಿಯೊಬ್ಬರು ಕರಪತ್ರ ಹಿಡಿದುಕೊಂಡು ಕುಳಿತಿದ್ದರು. “ಅಧ್ಯಕ್ಷರ, ನಮ್ಮ ಗಾಡಿ ಚೈನ್ ಒಂದೀಟು ಬಿಗಿ ಮಾಡ್ರಿ.”

“ಅಧ್ಯಕ್ಷರು ಮೀಟಿಂಗಿನಾಗ ಅದಾರ, ನಿಂದರಪಾ,” ಎಂದು ಭಾಯಿ ತಲೆಯೆತ್ತದೆ ಹೇಳಿದರು. ನನ್ನ ಗಾಡಿಯ ಎಂಜಿನ್ ಕೆಲಸ ಅಂದಿಗೆ ಮುಗಿಯುತ್ತಿತ್ತು.

ಗಿರಾಕಿ ಹೋದ ಮೇಲೆ ನಡೆದದ್ದನ್ನು ತಿಳಿಸಿದೆ.

“ನನ್ನ ಹೆಸರು ತೆಗೀತೀನಿ ಅಂತ ಹೇಳಾಕ ಬಂದೀರೇನು?”

ದಾರಿಯುದ್ದಕ್ಕೂ ನಾನು ಅದನ್ನು ಯೋಚಿಸಿದ್ದು ನಿಜ.

“ತೆಗದ್ರ ಸಾವ್ಕಾರ್ರು ಪೆಟ್ರೋಲು ಹಾಕಸ್ತಾರೇನು?”

“ಇಲ್ಲ ಭಾಯಿ.”

“ಮತ್ತ ಇರ್ಲಿ ಬಿಡ್ರಿ. ನಮ್ಮ ಮನಿಯಾಗ ಒಬ್ಬರ ಹೆಸರು ಅಚ್ಚಾಗಿದ್ದು ಇದ ಮೊದಲು.” ಕೈಯ ಗ್ರೀಸು ಒರೆಸಿಕೊಳ್ಳುತ್ತ ಕೇಳಿದರು, “ಕಾಶ್ಮೀರನ ಆಗಬೇಕೇನು? ನಿಮ್ಮ ಕೈಯಾಗಿನ ರೊಕ್ಕಕ್ಕ ಎಲ್ಲಿ ಮಟ ಹೋಗಬೌದು?”

ಉತ್ತರಪತ್ರಿಕೆಗಳ ಮೌಲ್ಯಮಾಪನದ ಸಂಭಾವನೆ ಬಂದಿತ್ತು. ಕನ್ಯಾಕುಮಾರಿಯವರೆಗಿನ ಪೆಟ್ರೋಲಿಗೆ ಅದು ಸಾಲುತ್ತಿತ್ತು, ವಸತಿಗೆ ಸಾಲುತ್ತಿರಲಿಲ್ಲ. ಭಾಯಿ ದಾವಣಗೆರೆಯಲ್ಲಿ ಕೆಲಸ ಕಲಿತವರು. ಜೊತೆಗೆ ಕಲಿತ ಗೆಳೆಯರು ಈಗ ತುಮಕೂರು, ಕೃಷ್ಣಗಿರಿ, ಮದುರೆಗಳಲ್ಲಿ ಗ್ಯಾರೇಜ್ ಇಟ್ಟಿದ್ದರು. ಹಂಚದೆ ಉಳಿದ ಕರಪತ್ರಗಳಲ್ಲಿ ಮೂರನ್ನು ತೆಗೆದು, ಖಾಲಿ ಬೆನ್ನಿನ ಮೇಲೆ ಉರ್ದುವಿನಲ್ಲಿ ಒಂದೊಂದು ಚೀಟಿ ಬರೆದುಕೊಟ್ಟರು. ಬೇರೆ ಗಾಡಿಗಳಿಂದ ಅವರು ಬಿಚ್ಚಿಟ್ಟಿದ್ದ ಎರಡು ಹಳೆಯ ಟೈರುಗಳೂ ನನ್ನ ಗಾಡಿಗೆ ಬಂದವು. ಪದವೀಧರನಾದ ನಾನು ಓದಲು ಬಾರದ ಮೂರು ಪತ್ರಗಳನ್ನು ಜೇಬಿನಲ್ಲಿಟ್ಟುಕೊಂಡು ಹೊರಟೆ.

ತುಮಕೂರಿನಲ್ಲಿಯೂ ಕೃಷ್ಣಗಿರಿಯಲ್ಲಿಯೂ ಚೀಟಿ ಓದಿದವರು ಏನನ್ನೂ ಕೇಳದೆ ಮೊದಲು ಊಟಕ್ಕೆ ಕೂರಿಸಿದರು. ಮದುರೆಯ ಗೆಳೆಯರಿಗೆ ದಾವಣಗೆರೆಯ ಕನ್ನಡ ಇನ್ನೂ ಮರೆತಿರಲಿಲ್ಲ. ಧೈರ್ಯ ಮಾಡಿ ಅದರಲ್ಲೇನಿದೆಯೆಂದು ಕೇಳಿದೆ. ಅವರು ಕನ್ನಡ ಮಾಡಿ ಹೇಳಿದರು.

“ಈ ಸರ್ ಭಾಳ ಓದಿದೋರು. ಹಸಿವಾದ್ರೂ ಬಾಯಿ ಬಿಡಲ್ಲ, ಕೇಳದೆ ಊಟಕ್ಕೆ ಹಾಕ್ರಿ. ಚೈನ್ ನೋಡ್ರಿ. ಕಾರ್ಬೊರೇಟರ್ ಮುಟ್ಟಾಕೆ ಅವ್ರನ್ನ ಬಿಡಬ್ಯಾಡ್ರಿ.”

ಮರುದಿನ ಮಧ್ಯಾಹ್ನ ಸಮುದ್ರವನ್ನು ಕಂಡೆ. ಅಲೆಗಳ ಬಗ್ಗೆ ನಾನು ಕಲಿಸಿದ್ದೆಲ್ಲ ಸರಿಯಾಗಿಯೇ ಇತ್ತು, ಆದರೆ ಅದು ಇಷ್ಟು ಸದ್ದು ಮಾಡುತ್ತದೆಂದು ಯಾವ ಪುಸ್ತಕವೂ ಹೇಳಿರಲಿಲ್ಲ. ಬೂಟು ಕೈಯಲ್ಲಿ ಹಿಡಿದು ಸಂಜೆಯವರೆಗೆ ನಿಂತಿದ್ದೆ. ದಾರಿಯಲ್ಲೆಲ್ಲೂ ಮಳೆ ಬಾರದೆ ಹರಪನಹಳ್ಳಿಯ ರೇನ್‌ಕೋಟಿನ ಮಡಿಕೆ ಬಿಚ್ಚಲೇ ಇಲ್ಲ.

ಮರಳಿ ಬಂದ ವಾರ ಸಾಹುಕಾರರು ಮಿಲ್ಲಿನ ಬಾಗಿಲಿನಿಂದ ಕರೆದರು. “ಎಲ್ಲಿ ಮಟ ಹೋಗಿದ್ರಿ?”

“ಕನ್ಯಾಕುಮಾರಿ ಮಟ.”

“ಕಾಶ್ಮೀರ ಅಂದಿದ್ರಲ್ಲ.”

“ಪೆಟ್ರೋಲು ಅಷ್ಟ ಇತ್ರಿ.”

ಅವರು ನಕ್ಕರು. “ಇನ್ನೊಮ್ಮೆ ಹೋಗೋದಾದ್ರ ಪಟ್ಟಿ ನಾನ ಬರದು ಕೊಡ್ತೀನಿ.”

ಅಲ್ಲಿಂದ ಗ್ಯಾರೇಜಿಗೆ ಹೋದೆ. ಭಾಯಿ ಸಮುದ್ರದ ಬಗ್ಗೆ ಏನೂ ಕೇಳಲಿಲ್ಲ. ಗಾಡಿಯ ಸುತ್ತ ಒಮ್ಮೆ ತಿರುಗಿ ನೋಡಿದರು.

“ಕಾರ್ಬೊರೇಟರ್ ಮುಟ್ಟೀರೇನು?”

“ಒಂದ ಸಲ,” ಎಂದು ಒಪ್ಪಿಕೊಂಡೆ. “ತಿರುನೆಲ್ವೇಲಿ ದಾಟಿದ ಮ್ಯಾಲೆ.”

“ಗೊತ್ತಿತ್ತು,” ಎಂದು ಸ್ಪಾನರ್ ತೆಗೆದುಕೊಂಡು ಕುಳಿತರು.