ಒಂದು ಸಲಕ್ಕೆ ಒಂದೇ ಚಕ್ರ

"ಅಮ್ಮಾ, ಆಮೆ ಮಾಮ ಯಾಕೆ ಎರಡೂ ಚಕ್ರ ಒಟ್ಟಿಗೆ ಬಿಚ್ಚಲ್ಲ?"

ಕಿಟಕಿಯ ಸರಳಿಗೆ ಮೂಗು ಒತ್ತಿಕೊಂಡು ಐದು ವರ್ಷದ ಮಗಳು ಕೇಳಿದಾಗ ತಾಯಿ ಒಗೆದ ಬಟ್ಟೆ ಮಡಚುತ್ತಿದ್ದಳು. ಎದುರಿನ ತಗಡಿನ ಶೆಡ್ಡಿನಲ್ಲಿ ಬ್ರೇಕ್ ಮೇಸ್ತ್ರಿ ಯಾರದೋ ವ್ಯಾನಿನ ಹಿಂದಿನ ಎಡಚಕ್ರ ಬಿಚ್ಚಿ ಕುಕ್ಕರಗಾಲಲ್ಲಿ ಕೂತಿದ್ದರು. ಅದನ್ನು ಪೂರ್ತಿ ಜೋಡಿಸಿ, ಡ್ರಮ್ ಮುಚ್ಚಿ, ತಿರುಗಿಸಿ ನೋಡಿ, ಕೈ ಒರೆಸಿಕೊಂಡ ಮೇಲೇ ಅವರು ಬಲಚಕ್ರಕ್ಕೆ ಕೈಹಾಕುವುದು. ಬೇರೆಯವರು ಊಟದ ಹೊತ್ತಿಗೆ ಮುಗಿಸುವ ಕೆಲಸ ಅವರ ಕೈಯಲ್ಲಿ ಸಂಜೆಯವರೆಗೂ ಎಳೆಯುತ್ತಿತ್ತು. ಡ್ರೈವರುಗಳು ಆಮೆ ಮೇಸ್ತ್ರಿ ಎಂದು ಹೆಸರಿಟ್ಟಿದ್ದರು. ಮಗಳ ಬಾಯಲ್ಲಿ ಅದು ಆಮೆ ಮಾಮ ಆಗಿತ್ತು.

"ನಾಳೆ ನಮ್ಮ ಕಾರೂ ಅಲ್ಲಿಗೇ ಹೋಗುತ್ತಲ್ಲ, ನೀನೇ ಕೇಳು," ಎಂದಳು ತಾಯಿ. ಹಳೆಯ ಕಾರಿನ ಹ್ಯಾಂಡ್‌ಬ್ರೇಕ್ ಲಿವರ್ ಒಂದು ವಾರದಿಂದ ಎಳೆದಷ್ಟೂ ಮೇಲೆ ಬರುತ್ತಿತ್ತು.

ಮೇಸ್ತ್ರಿಗೆ ಐವತ್ತೆರಡು. ಹದಿನಾಲ್ಕಕ್ಕೇ, ಡ್ರಮ್ಮನ್ನು ಒಳಗಿನಿಂದ ಒತ್ತಿ ಚಕ್ರ ನಿಲ್ಲಿಸುವ ಬ್ರೇಕ್ ಶೂಗಳಿಗೆ ಲೈನಿಂಗ್ ಕೂರಿಸಿ ರಿವೆಟ್ ಹೊಡೆಯಲು ಶುರು ಮಾಡಿದವರು. ಡ್ರಮ್ಮಿನೊಳಗಿನ ಕಪ್ಪು ದೂಳನ್ನು ಬಾಯಿಂದ ಊದಿ ಊದಿ ಎದೆಯಲ್ಲಿ ಕೆಮ್ಮು ಮನೆ ಮಾಡಿತ್ತು. ಮದುವೆಯ ಮಾತು ಬಂದಾಗಲೆಲ್ಲ ಏನೋ ನೆಪ ಹೇಳಿ ಜಾರಿಕೊಂಡಿದ್ದರು. ಶೆಡ್ಡಿನ ಹಿಂದಿನ ಎರಡು ಕೋಣೆಗಳಲ್ಲಿ ಅವರೂ ಅವರ ವಿಧವೆ ಅಕ್ಕನೂ ಇದ್ದರು.

ಮರುದಿನ ಮಧ್ಯಾಹ್ನ ಅಕ್ಕ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದರು, ಪಕ್ಕದಲ್ಲಿ ತಾಯಿ, ಮಗಳು. ಕಾರು ಜಾಕಿನ ಮೇಲೇರಿತ್ತು. ಬಲಚಕ್ರದ ಕೆಲಸ ಮುಗಿದು ಎಡಚಕ್ರ ಬಿಚ್ಚಲಾಗಿತ್ತು.

"ಇವನು ಚಪ್ಪಲಿ ಹಾಕ್ಕೊಳ್ಳೋದೂ ಹೀಗೇ ಕಣಮ್ಮ. ಎಡಗಾಲಿಗೆ ಇವತ್ತು, ಬಲಗಾಲಿಗೆ ನಾಳೆ," ಎಂದರು ಅಕ್ಕ.

ತಾಯಿ ನಕ್ಕಳು. ಅಷ್ಟರಲ್ಲಿ ನೆನಪಾಗಿ, "ಅಯ್ಯೋ, ಕಾರಿನ ದೀಪ ಆರಿಸೋದೇ ಮರೆತೆ," ಎಂದು ಎದ್ದಳು.

"ನಮ್ಮನೆಯವರ ಹಾಗಾಗ್ಬೇಡ ಮಾರಾಯ್ತಿ," ಎಂದರು ಅಕ್ಕ. " ಹ್ಯಾಂಡ್‌ಬ್ರೇಕ್ ಎಳೆಯೋದು ಮರೆತು ಇಳಿಜಾರಲ್ಲಿ ಗಾಡಿ ಬಿಟ್ರು. ಹಿಂದೆ ನಿಂತು ಬ್ರೆಡ್ ಇಳಿಸ್ತಾ ಇದ್ದೋರು ತಮ್ಮ ಗಾಡಿಗೆ ತಾವೇ ಸಿಕ್ಕಿಬಿದ್ರು. ಹನ್ನೊಂದು ವರ್ಷ ಆಯ್ತು, ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಫೋಟೋ ಟ್ರಂಕಲ್ಲೇ ಇದೆ. ಗೋಡೆಗೆ ಹಾಕಿಲ್ಲ."

ಮೇಸ್ತ್ರಿಯ ಸ್ಪ್ಯಾನರ್ ನಿಂತಿತು. ಮತ್ತೆ ಆಡಿತು.

ಮಗಳು ಅವರ ಪಕ್ಕಕ್ಕೇ ಹೋಗಿ ತನ್ನ ಪ್ರಶ್ನೆ ಕೇಳಿದಳು. ಮೇಸ್ತ್ರಿ ಎದ್ದು, ಗೋಡೆಯ ಮೊಳೆಗೆ ತಂತಿಯಲ್ಲಿ ನೇತುಹಾಕಿದ್ದ ಎರಡು ತುಕ್ಕು ಹಿಡಿದ ತಿರುಪುಗಳನ್ನು ತಂದರು. ಒಂದೊಂದರ ನಡುವೆಯೂ ಹಲ್ಲಿನ ಪುಟ್ಟ ಚಕ್ರ.

"ನೋಡು ಪುಟ್ಟಿ, ಅವಳಿ ಮಕ್ಕಳ ಹಾಗಿವೆ, ಅಲ್ವಾ? ಆದ್ರೆ ಒಂದನ್ನ ಎಡಕ್ಕೆ ತಿರುಗಿಸಿದ್ರೆ ಉದ್ದ ಆಗುತ್ತೆ, ಇನ್ನೊಂದನ್ನ ಬಲಕ್ಕೆ. ಬ್ರೇಕ್ ಶೂ ಸವೆದ ಹಾಗೆಲ್ಲ ಇದು ತಾನೇ ತಿರುಗಿ ಶೂನ ಡ್ರಮ್ಮಿನ ಹತ್ತಿರ ತಳ್ಳುತ್ತೆ. ಆ ಕಡೇದು ಈ ಕಡೆ ಹಾಕಿದ್ರೆ ತಳ್ಳಲ್ಲ, ದೂರ ಎಳೆಯುತ್ತೆ, ಬ್ರೇಕ್ ಹಿಡಿಯಲ್ಲ. ಒಂದು ಚಕ್ರ ಮುಚ್ಚಿಟ್ಟೇ ಇನ್ನೊಂದು ಬಿಚ್ಚಿದ್ರೆ ಅದಲುಬದಲು ಆಗಲ್ಲ."

ಮಗಳು ತಿರುಪುಗಳನ್ನು ತಿರುಗಿಸಿ ನೋಡಿದಳು. ಅವಳ ತಲೆಯಲ್ಲಿ ಬೇರೇನೋ ಓಡುತ್ತಿತ್ತು. "ಅಜ್ಜೀ, ನಾನೂ ಏನಾದ್ರೂ ಮರೆತ್ರೆ ನನ್ನ ಫೋಟೋನೂ ಟ್ರಂಕಲ್ಲಿ ಹಾಕ್ತಾರಾ?"

ಅಕ್ಕ ಗೊಳ್ಳೆಂದು ನಕ್ಕರು. "ನಿನ್ನ ಕೈ ನೋಡು, ಎಲ್ಲಾ ತುಕ್ಕು. ಬಾ, ತೊಳೆಸ್ತೀನಿ," ಎಂದು ಮಗುವನ್ನು ಒಳಗೆ ಕರೆದುಕೊಂಡು ಹೋದರು.

ಮೇಸ್ತ್ರಿ ತುಂಬ ಹೊತ್ತು ಕೆಮ್ಮಿದರು. ಆಮೇಲೆ ಚಕ್ರದ ಕಡೆ ನೋಡುತ್ತಲೇ ಹೇಳಿದರು.

"ಭಾವ ಮರೆತಿರಲಿಲ್ಲ, ತಂಗಿ."

ತಾಯಿಗೆ ಅರ್ಥವಾಗಲಿಲ್ಲ.

"ಆಗ ನಾನು ಆಮೆ ಅಲ್ಲ. ಈ ಬೀದಿಗೇ ಚುರುಕಿನ ಮೇಸ್ತ್ರಿ. ಮಧ್ಯಾಹ್ನದೊಳಗೆ ವ್ಯಾನು ಬೇಕು ಅಂತ ಭಾವ ತಲೆ ಮೇಲೆ ಕೂತಿದ್ರು. ಎರಡೂ ಕಡೆ ಬಿಚ್ಚಿಬಿಟ್ಟೆ. ಈ ಎರಡು ತಿರುಪೂ ಒಂದೇ ತಟ್ಟೆ ಸೀಮೆಎಣ್ಣೇಲಿ ಬಿದ್ದಿದ್ವು. ತೊಳೆದೆ, ಹಾಕಿದೆ, ಕಳಿಸಿದೆ."

ಮೊದಲು ಏನೂ ತಿಳಿಯಲಿಲ್ಲ, ಶೂಗಳನ್ನು ಕೈಯಿಂದಲೇ ಡ್ರಮ್ಮಿಗೆ ಹೊಂದಿಸಿ ಕಳಿಸಿದ್ದರಲ್ಲ. ಆದರೆ ಅದು ಬ್ರೆಡ್ ವ್ಯಾನು. ಅಂಗಡಿ ಅಂಗಡಿಗೆ ರಿವರ್ಸ್ ಬಂದು ನಿಲ್ಲಬೇಕು. ಆ ಗಾಡಿಯಲ್ಲಿ ರಿವರ್ಸ್ ಬರುತ್ತಾ ಬ್ರೇಕ್ ಒತ್ತಿದಾಗಲೇ ತಿರುಪು ಆಡುವುದು. ಶೂ ಸವೆಯಲು ಶುರುವಾದ ಮೇಲೆ ಅದು ಒಂದೊಂದೇ ಹಲ್ಲು ಉಲ್ಟಾ ಸರಿಯಿತು.

"ಪೆಡಲ್ ಕೆಳಗೆ ಹೋಗ್ತಿದೆ ಕಣೋ, ಲಿವರ್ ಪೂರ್ತಿ ಎಳೀಬೇಕು ಅಂದ್ರು ಭಾವ. ಭಾನುವಾರ ತನ್ನಿ ಅಂದೆ. ಅವತ್ತು ಗುರುವಾರ."

ಶುಕ್ರವಾರ ಬೀದಿ ಕೊನೆಯ ಇಳಿಜಾರಿನಿಂದ ಕೂಗು ಕೇಳಿಸಿತು. ಮೊದಲು ಓಡಿದವರು ಮೇಸ್ತ್ರಿಯೇ. ಭಾವ ವ್ಯಾನಿಗೂ ಗೋಡೆಗೂ ನಡುವೆ ಇದ್ದರು.

"ಲಿವರ್ ಮೇಲಿತ್ತು, ತಂಗಿ. ಎಷ್ಟು ಬರುತ್ತೋ ಅಷ್ಟೂ ಎಳೆದಿದ್ರು. ಭಾವನ್ನ ಬಿಡಿಸೋಕೆ ಗಾಡಿ ತಳ್ಳಬೇಕಿತ್ತಲ್ಲ, ಅಭ್ಯಾಸಬಲ, ನನ್ನ ಕೈ ತಾನಾಗೇ ಹೋಗಿ ಲಿವರ್ ಇಳಿಸಿಬಿಡ್ತು. ಇಳಿಸದಿದ್ರೂ ತಳ್ಳಿದ್ರೆ ಅದು ಉರುಳ್ತಿತ್ತು, ಬ್ರೇಕ್ ಹಿಡಿದೇ ಇರಲಿಲ್ಲ. ಪೊಲೀಸರು ಬಂದಾಗ ಲಿವರ್ ಕೆಳಗಿತ್ತು. ಹ್ಯಾಂಡ್‌ಬ್ರೇಕ್ ಹಾಕಿರಲಿಲ್ಲ ಅಂತ ಬರ್ಕೊಂಡ್ರು. ಬಾಯಿ ಬಿಡೋಕಾಗಲಿಲ್ಲ. ವಾರ ಬಿಟ್ಟು ಡ್ರಮ್ ಬಿಚ್ಚಿ ನೋಡಿದೆ, ತಿರುಪು ಅದಲುಬದಲಾಗಿತ್ತು. ಆಗಲೂ ಬಾಯಿ ಬಿಡಲಿಲ್ಲ."

ತಾಯಿಯ ಕಣ್ಣು ತನ್ನ ಕಾರಿನ ಬಿಚ್ಚಿದ ಚಕ್ರದ ಮೇಲೆ ನಿಂತಿತು. ಈ ಕಾರಿನಲ್ಲೇ ಮಗಳು ದಿನಾ ಶಾಲೆಗೆ ಹೋಗುವುದು. ಒಂದು ಕ್ಷಣ ಕಾರನ್ನು ಹಾಗೇ ಎಳೆದುಕೊಂಡು ಹೋಗಿಬಿಡೋಣ ಅನ್ನಿಸಿತು. ಒಳಗಿನಿಂದ ನೀರಿನ ಸದ್ದು, ಮಗಳ ನಗು ಕೇಳುತ್ತಿತ್ತು.

"ಅಕ್ಕನಿಗೆ?"

"ಹೇಳಿಲ್ಲ. ದಿನಾ ನಂಗೆ ಬಡಿಸ್ತಾಳೆ, ದಿನಾ ಭಾವನಿಗೆ ಬೈತಾಳೆ."

ತಾಯಿ ನೆಲದ ಮೇಲಿದ್ದ ಸ್ಪ್ರಿಂಗನ್ನು ಎತ್ತಿ ಅವರ ಕೈಗೆ ಕೊಟ್ಟಳು.

ಮೇಸ್ತ್ರಿ ಸ್ಪ್ರಿಂಗ್ ಸಿಕ್ಕಿಸಿ, ಡ್ರಮ್ ಮುಚ್ಚಿ, ಚಕ್ರ ಹಾಕಿದರು. ಕಾರಿನೊಳಗೆ ಕೂತು ಲಿವರ್ ಎಳೆದರು. ಐದನೇ ಕಟಕ್‌ಗೆ ಗಟ್ಟಿ ಹಿಡಿಯಿತು. ಇಳಿಸಿದರು, ಮತ್ತೆ ಎಳೆದರು. ಇಳಿದು ಬಂದು ಕೀಲಿ ಕೊಟ್ಟರೂ ಬೆರಳು ಸಡಿಲಿಸಲಿಲ್ಲ.

"ನನ್ನದೊಂದು ಕೆಲಸ ಮಾಡಿಕೊಡಿ, ತಂಗಿ. ಇವತ್ತು ಅಕ್ಕನಿಗೆ ಹೇಳಿಬಿಡ್ತೀನಿ. ಮಗುನ ಮನೇಲಿ ಬಿಟ್ಟು ಬನ್ನಿ. ಬಂದು ಕೂತ್ಕೊಳ್ಳಿ. ಅವಳ ಪಕ್ಕ, ನನ್ನ ಪಕ್ಕ ಅಲ್ಲ."