ಗದ್ದೆಯಂತೆ ಮಟ್ಟ ಮಾಡಿದ ರಸ್ತೆ

ತೊಂಬತ್ತರ ದಶಕದಲ್ಲಿ ನಾನು ಕತಾರಿಗೆ ಹೋದದ್ದು ವಿದ್ಯಾರ್ಥಿಯಾಗಿ. ಊರಿನವರು ಯಾರೂ ಅದನ್ನು ನಂಬಲಿಲ್ಲ. ಗಲ್ಫಿಗೆ ಹೋಗುವವರು ದುಡಿಯಲಿಕ್ಕೆ ಹೋಗುತ್ತಾರೆ, ಓದಲಿಕ್ಕೆ ಯಾರು ಹೋಗುತ್ತಾರೆ ಎಂದು ಅವರ ಪ್ರಶ್ನೆ. ನಾನು ಸೇರಿದ್ದು ದೊಡ್ಡ ಯಂತ್ರಗಳನ್ನು ನಡೆಸಲು ಕಲಿಸುವ ಒಂದು ಕೋರ್ಸಿಗೆ. ಆರು ತಿಂಗಳು ಪಾಠ, ಆಮೇಲೆ ಒಂದು ಕಂಪನಿಯ ಸೈಟಿನಲ್ಲಿ ತರಬೇತಿ. ಅದಕ್ಕೆಂದು ನನಗೆ ಒಂದು ಕಾಗದ ಕೊಟ್ಟಿದ್ದರು. ಲೈಸೆನ್ಸ್ ಇರುವ ಆಪರೇಟರ್ ಪಕ್ಕದಲ್ಲಿದ್ದರೆ ಮಾತ್ರ ಇವನು ಯಂತ್ರ ಮುಟ್ಟಬಹುದು ಎಂದು ಅದರಲ್ಲಿತ್ತು. ಬೆವರಿಗೆ ಹಾಳಾಗದಂತೆ ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದೆ.

ನನ್ನ ಪಕ್ಕದಲ್ಲಿರಬೇಕಾದ ಆಪರೇಟರ್ ಬಂಟ್ವಾಳದ ಕಡೆಯ ಒಬ್ಬರು ಬ್ಯಾರಿ. ನಾನು ಅವರನ್ನು ಕಾಕ ಎನ್ನುತ್ತಿದ್ದೆ, ಅವರು ನನ್ನನ್ನು ಮೋನೆ, ಅಂದರೆ ಮಗನೇ ಎನ್ನುತ್ತಿದ್ದರು. ಇಬ್ಬರ ನಡುವಿನ ಮಾತು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಮ್ಮ ಯಂತ್ರ ಗ್ರೇಡರ್. ಉದ್ದ ಮೂತಿ, ಹೊಟ್ಟೆಯಡಿಯಲ್ಲಿ ಅಗಲವಾದ ಬ್ಲೇಡು, ಆ ಬ್ಲೇಡಿನಿಂದ ಮಣ್ಣು ಕೆರೆದು ರಸ್ತೆಯ ನೆಲವನ್ನು ಹದಕ್ಕೆ ತರುವುದು ಅದರ ಕೆಲಸ. ಅದರೊಳಗೆ ಇರುವುದು ಒಂದೇ ಸೀಟು. ಅದರಲ್ಲಿ ನಾನು ಕೂರುತ್ತಿದ್ದೆ, ಇಪ್ಪತ್ತು ವರ್ಷದ ಅನುಭವ ಇರುವವರು ಪಕ್ಕದಲ್ಲಿ ಬಗ್ಗಿ ನಿಲ್ಲುತ್ತಿದ್ದರು. ಮೊದಮೊದಲು ನಾಚಿಕೆಯಾಗುತ್ತಿತ್ತು, ಆಮೇಲೆ ಅಭ್ಯಾಸವಾಯಿತು. ನೆಲ ಏರುತಗ್ಗಾದಾಗ ಇಲ್ಲಿನ ಮಣ್ಣೇ ಸರಿಯಿಲ್ಲ ಎಂದು ನಾನು ಅಂದರೆ ಕಾಕ, "ಹೌದೌದು, ಕುಣಿಯಲಾರದವಳಿಗೆ ನೆಲ ಡೊಂಕಂತೆ" ಎನ್ನುತ್ತಿದ್ದರು.

ಕಾಕ ಊರಿಗೆ ಹೋಗದೆ ಮೂರು ವರ್ಷ ದಾಟಿತ್ತು. ಅವರು ಬಿಟ್ಟು ಬಂದಾಗ ಎರಡು ವರ್ಷವಾಗಿದ್ದ ಮಗಳು ಆ ಜೂನ್ ತಿಂಗಳಲ್ಲಿ ಒಂದನೇ ಕ್ಲಾಸಿಗೆ ಸೇರುವವಳಿದ್ದಳು. ಮೊದಲ ದಿನ ತಾನೇ ಕೈ ಹಿಡಿದು ಶಾಲೆಗೆ ಬಿಡುತ್ತೇನೆ ಎಂದು ಫೋನಿನಲ್ಲಿ ಅವಳಿಗೆ ಮಾತು ಕೊಟ್ಟಿದ್ದರು. ಆದರೆ ಗ್ರೇಡರ್ ನಡೆಸಲು ಬೇರೆ ಜನ ಇರಲಿಲ್ಲ. ಮಾರ್ಚ್ ಕೊನೆಗೆ ನನ್ನ ತರಬೇತಿ ಮುಗಿದು, ಇವನು ಒಬ್ಬನೇ ನಡೆಸಬಲ್ಲ ಎಂದು ಕಾಗದವಾದರೆ ಏಪ್ರಿಲ್ ಕೊನೆಯಲ್ಲಿ ಅವರಿಗೆ ಎರಡು ತಿಂಗಳ ರಜೆ. ಅಂದರೆ ಅವರ ರಜೆ ನನ್ನ ಕೈಯಲ್ಲಿತ್ತು. ನಜ್ಮಾ ಬಡಾವಣೆಯ ಕೋಣೆಯಲ್ಲಿ ಅವರ ಮಂಚದ ಕೆಳಗೆ ಒಂದು ಪುಟ್ಟ ಸ್ಕೂಲ್ ಬ್ಯಾಗ್ ಆಗಲೇ ಬಂದು ಕೂತಿತ್ತು.

ಜನವರಿಯಲ್ಲಿ ನಮ್ಮ ಕೆಲಸ ಮುಐದರಿನ ಹೊಸ ವಿಲ್ಲಾಗಳ ಸಾಲಿನಲ್ಲಿ. ಒಂದು ಗುರುವಾರ ಲಾರಿಯೊಂದು ಹಿಂದಕ್ಕೆ ಬರುವಾಗ, ನೂರಡಿ ಉದ್ದಕ್ಕೂ ಮಣ್ಣಿನ ಎತ್ತರ ತೋರಿಸುವ ಗೂಟಗಳನ್ನೆಲ್ಲ ಬೀಳಿಸಿಕೊಂಡು ಹೋಯಿತು. ಗೂಟ ನೆಡುವ ಸರ್ವೇಯರ್ ಬೇರೆ ಸೈಟಿನಲ್ಲಿದ್ದ. "ಕಣ್ಣಳತೆಯಲ್ಲಿ ಮಾಡು" ಎಂದರು ಕಾಕ. ನನಗೆ ಅಷ್ಟೇ ಬೇಕಿತ್ತು. ಯಾವ ಗುರುತೂ ಇಲ್ಲದೆ, ನನ್ನ ಕಣ್ಣನ್ನೇ ನಂಬಿ ನಡೆಸುವುದು ಅದೇ ಮೊದಲು.

ಊರಲ್ಲಿ ಅದು ತಗ್ಗಿನ ಗದ್ದೆಗಳಲ್ಲಿ ಕೊಳಕೆ, ಅಂದರೆ ಮೂರನೇ ಭತ್ತದ ಬೆಳೆಗೆ ನೇಜಿ ಸಸಿ ನೆಡುವ ಸಮಯ. ಚಿಕ್ಕಂದಿನಿಂದಲೂ ಉಳುಮೆ ಮುಗಿದ ಮೇಲೆ ಕೋಣಗಳ ಹಿಂದೆ ಹಲಗೆಯ ಮೇಲೆ ನಿಂತು ಕೆಸರು ಮಟ್ಟ ಮಾಡುತ್ತಿದ್ದವನು ನಾನು. ಒಂದು ಮೂಲೆಗೆ ನೀರು ಹೆಚ್ಚು, ಇನ್ನೊಂದಕ್ಕೆ ಕಡಿಮೆ ಆಗಬಾರದು ಎಂದು ಅಪ್ಪ ಬದುವಿನ ಮೇಲೆ ನಿಂತು ಹೇಳುತ್ತಿದ್ದರು. ಆ ದಿನ ಬ್ಲೇಡಿನ ಮುಂದೆ ಮಣ್ಣು ಸುರುಳಿಯಾಗಿ ಸರಿಯುವಾಗ ನನಗೆ ಅಳು ಬರುವಷ್ಟು ಊರು ಬೇಕೆನಿಸಿತು. ಕಾಲಿಗೆ ಕೆಸರು ಬೇಕು, ಕೊಕ್ಕರೆ ಬೇಕು, ಬೈಯುವ ಅಪ್ಪ ಬೇಕು. ಎರಡು ಗಂಟೆ ಯಾರೊಂದಿಗೂ ಮಾತಾಡದೆ ನಡೆಸಿದೆ. ಕಾಕನೂ ಮಾತಾಡಲಿಲ್ಲ. ಮುಗಿದಾಗ ಆ ನೂರಡಿ ನೆಲ ಎಲ್ಲಿಯೂ ಒಂದು ಬೆರಳು ಹೆಚ್ಚಿಲ್ಲ, ಕಡಿಮೆಯಿಲ್ಲ. ರೋಲರ್ ಬಂದು ಅದನ್ನು ಹಾಗೆಯೇ ಗಟ್ಟಿ ಮಾಡಿತು.

ರಸ್ತೆಯ ನಡು ಸ್ವಲ್ಪ ಎತ್ತರವಿರಬೇಕು, ನೀರು ಎರಡೂ ಬದಿಗೆ ಹರಿದುಹೋಗಬೇಕು. ಪಾಠದ ಮೊದಲ ವಾರದಲ್ಲೇ ಕಲಿಸಿದ್ದರು. ನಾನು ಮಾಡಿದ್ದು ನೀರು ನಿಲ್ಲಿಸುವ ನೆಲ.

ಮರುಭೂಮಿಯಲ್ಲಿ ನೀರು ಎಲ್ಲಿಂದ ಬರಬೇಕು ಎಂದು ನೀವು ಕೇಳಬಹುದು. ಶುಕ್ರವಾರ ಬಂತು. ವರ್ಷಕ್ಕೆ ನಾಲ್ಕು ಸಲ ಬರುವ ಮಳೆ ಅವತ್ತೇ ಹುಡುಕಿಕೊಂಡು ಬಂತು. ಶನಿವಾರ ಬೆಳಿಗ್ಗೆ ಸೈಟಿಗೆ ಹೋದರೆ ನನ್ನ ನೂರಡಿಯಲ್ಲಿ ಪಾದ ಮುಳುಗುವಷ್ಟು ನೀರು, ಎಲ್ಲ ಕಡೆ ಒಂದೇ ಸಮ. ಅಕ್ಕಪಕ್ಕದ ರಸ್ತೆಗಳು ಆಗಲೇ ಒಣಗುತ್ತಿದ್ದವು. ಸತ್ಯ ಹೇಳುತ್ತೇನೆ, ಮೊದಲ ಕ್ಷಣ ನನಗೆ ಹೆದರಿಕೆಯಾಗಲಿಲ್ಲ, ಸಂತೋಷವಾಯಿತು.

ಇಂಜಿನಿಯರ್ ಬಂದರು. ಇಡೀ ಪದರ ನೆನೆದು ಹಾಳಾಗಿದೆ, ಅಗೆದು ಹೊಸದಾಗಿ ಮಾಡಬೇಕು ಎಂದರು. ಮಾಡಿದವರು ಯಾರು ಎಂದು ಹಿಂದಿಯಲ್ಲಿ ಕೇಳಿದರು.

"ನಾನು ಸರ್" ಎಂದೆ.

ಅವರು ದಿನದ ಪುಸ್ತಕ ತೆರೆದರು. "ಇಲ್ಲಿ ನಿನ್ನ ಹೆಸರೇ ಇಲ್ಲ. ನೀನು ವಿದ್ಯಾರ್ಥಿ."

"ನಡೆಸಿದ್ದು ನಾನೇ ಸರ್."

"ಕಾಗದದ ಪ್ರಕಾರ ನಡೆಸಿದ್ದು ಇವರು. ಖಲಾಸ್."

ತಪ್ಪು ಮಾಡಲಿಕ್ಕೂ ನನಗೆ ಲೈಸೆನ್ಸ್ ಇರಲಿಲ್ಲ. ಕಾಕ ತಲೆ ತಗ್ಗಿಸಿ ನಿಂತಿದ್ದರು. ಕಲಿಸುವುದು ಸಾಲದಾಗಿದೆ ಎಂದು ಬರೆದು ಇಂಜಿನಿಯರ್ ನನ್ನ ತರಬೇತಿಯನ್ನು ಎರಡು ತಿಂಗಳು ಮುಂದಕ್ಕೆ, ಮೇ ಕೊನೆಯವರೆಗೆ ಹಾಕಿದರು. ಅದರೊಂದಿಗೆ ಕಾಕನ ರಜೆಯೂ ಹೋಯಿತು.

ಅವರು ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು. ಬೈಯಲಿಲ್ಲ. ಊರಿಗೆ ಹೋಗುವ ಒಬ್ಬರ ಕೈಯಲ್ಲಿ ಸ್ಕೂಲ್ ಬ್ಯಾಗ್ ಕಳಿಸಿದರು. ನಾನು ಶುಕ್ರವಾರಗಳಲ್ಲಿ ಅವರನ್ನು ಅಲ್ ಮನ್ಸೂರಾದ ಹೋಟೆಲಿಗೆ ಎಳೆದುಕೊಂಡು ಹೋಗಿ ಮೀನು ಸಾರಿನ ಊಟ ಕೊಡಿಸುತ್ತಿದ್ದೆ. ಅವರು ಊಟ ಮಾಡುತ್ತಿದ್ದರು, ತಮಾಷೆಯನ್ನೂ ಮಾಡುತ್ತಿದ್ದರು.

ಜೂನ್ ಒಂದರಂದು ಬೆಳಿಗ್ಗೆ ಐದಕ್ಕೇ ಕೆಲಸ ಶುರುವಾಗಿತ್ತು. ಏಳು ಗಂಟೆಗೆ ಕಾಕ ನನ್ನ ಭುಜ ಮುಟ್ಟಿ ನಿಲ್ಲಿಸಲು ಹೇಳಿದರು. ಎಂಜಿನ್ ಬಂದ್ ಮಾಡಿದೆ.

"ಊರಲ್ಲಿ ಒಂಬತ್ತೂವರೆ" ಎಂದರು. "ಬೆಲ್ ಹೊಡೆದಿರಬೇಕು."

ನಾಲ್ಕು ತಿಂಗಳು ನುಂಗಿಕೊಂಡಿದ್ದ ಮಾತು ಆಗ ನನ್ನ ಬಾಯಿಂದ ಬಂತು. "ಕಾಕ, ನನ್ನಿಂದಾಗಿ ಹೀಗಾಯಿತು."

ಅವರು ಹೊರಗಿನ ನೆಲ ನೋಡುತ್ತ ಹೇಳಿದರು. "ನಾನು ಪಕ್ಕದಲ್ಲೇ ಇದ್ದೆನಲ್ಲ ಮೋನೆ, ನನಗೆ ಕಣ್ಣು ಇರಲಿಲ್ಲವಾ? ನೀನು ಗದ್ದೆ ಮಾಡುತ್ತಿದ್ದೀ ಎಂದು ಅರ್ಧಕ್ಕೇ ಗೊತ್ತಾಗಿತ್ತು. ನಡು ಎತ್ತು ಮಾರಾಯ ಎಂದು ಹೇಳಬೇಕು. ಬಾಯಿ ಬರಲಿಲ್ಲ. ನಾನೂ ಉಮ್ಮನ ಜೊತೆ ಗೇಣಿ ಗದ್ದೆಯಲ್ಲಿ ನೆಟ್ಟವನೇ. ಎಷ್ಟು ಚೆಂದ ಆಗುತ್ತಾ ಉಂಟು, ಸ್ವಲ್ಪ ನೋಡುವ ಅಂತ ಸುಮ್ಮನೆ ನಿಂತೆ."

ಆಮೇಲೆ ಮುಖ ಒರೆಸಿಕೊಂಡು "ಯಲ್ಲಾ, ನಡಿ" ಎಂದರು. ನಾನು ಎಂಜಿನ್ ಚಾಲೂ ಮಾಡಿದೆ. ಅವತ್ತು ನಡು ಎತ್ತಿದೆ, ಎರಡೂ ಬದಿ ಇಳಿಸಿದೆ, ಸರ್ವೇಯರ್ ಅಳೆದು ನೋಡಿ ಒಂದು ತಪ್ಪೂ ತೆಗೆಯಲಿಲ್ಲ. ಸಂಜೆ ಕಾಕ ಇವನು ಒಬ್ಬನೇ ನಡೆಸಬಲ್ಲ ಎನ್ನುವ ಕಾಗದಕ್ಕೆ ಸಹಿ ಹಾಕಿದರು. ಆಮೇಲೆ ನಾನು ಆ ಕಾಗದವನ್ನು ಎಷ್ಟೋ ಆಫೀಸುಗಳ ಮೇಜಿನ ಮೇಲೆ ಇಟ್ಟಿದ್ದೇನೆ, ನೋಡಿದವರು ತಾರೀಕನ್ನು ಗಟ್ಟಿಯಾಗಿ ಓದುತ್ತಾರೆ. ಕಾಕ ಮಗಳ ಕೈ ಹಿಡಿದು ನಡೆಯಬೇಕಾಗಿದ್ದ ದಿನ ಅದು.